ಉಲ್ಲನ್ ಹೆಣಿಗೆಯಲ್ಲಿ ಬೀದಿ ಪ್ರತಿಭಟನೆ: ಬೇಡಿಕೆ ಬರೆಯುವುದರಿಂದ ಬಿಚ್ಚಿ ತೆಗೆಯುವವರೆಗೆ

ಬಸ್ ತಂಗುದಾಣಕ್ಕೆ ಬಣ್ಣದ ಹೆಣಿಗೆ ಸುತ್ತಿದ್ದಾಯಿತು, ಜನ ನಿಂತು ಫೋಟೋ ತೆಗೆದದ್ದೂ ಆಯಿತು. ಏನು ಕೇಳಿ ಕಟ್ಟಿದ್ದು ಎಂದು ಮಾತ್ರ ಯಾರಿಗೂ ತಿಳಿಯಲಿಲ್ಲ. ಇಲ್ಲವಾದರೆ ಒಂದೇ ಮಳೆಗೆ ಎಲ್ಲ ಜೋತುಬಿದ್ದು, ವಾರದೊಳಗೆ ಬೂಷ್ಟು ಹಿಡಿದು, ಪಂಚಾಯತಿನವರು ಕಸದೊಟ್ಟಿಗೆ ಗುಡಿಸಿ ಹಾಕಿದರು. ಕಾಸರಗೋಡು, ಮಂಜೇಶ್ವರ ಕಡೆಯ ಹೆಣಿಗೆಯ ಕೂಟಗಳಿಂದ ಕೇಳಿಬರುವ ಬೇಸರ ಬಹುಪಾಲು ಇವೆರಡೇ. ಕೊಕ್ಕೆ ಹಿಡಿಯಲು ಬಾರದೆ ಕೆಟ್ಟ ಕೆಲಸ ಕಡಿಮೆ. ಕ್ರಮ ತಪ್ಪಿ ಕೆಟ್ಟದ್ದೇ ಹೆಚ್ಚು: ನೂಲು ಮೊದಲು ಬಂತು, ಬೇಡಿಕೆ ಆಮೇಲೆ ಬಂತು.

ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ. ವಿವರಿಸಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಳೆಗಾಲದಲ್ಲಿ ತೋಡು, ಅಂದರೆ ಹಳ್ಳ, ದಾಟಲು ಅಡಿಕೆ ಮರದ ಪಾಲವನ್ನೇ (ಕಾಲುಸೇತುವೆಯನ್ನೇ) ನಂಬಿರುವ ಒಂದು ವಾರ್ಡು. ಶಾಲೆಯ ಮಕ್ಕಳು ಅದರ ಮೇಲೆಯೇ ಹೋಗಬೇಕು. ಅಲ್ಲಿಯವರಿಗೆ ಕಾಂಕ್ರೀಟಿನ ಕಾಲುಸಂಕ ಬೇಕು.

1. ಬೇಡಿಕೆ: ಒಂದು ವಾಕ್ಯ, ಒಂದು ಕಚೇರಿ

ನೂಲಿನ ಅಂಗಡಿಗೆ ಹೋಗುವ ಮೊದಲು ಕಾಗದದಲ್ಲಿ ಮೂರು ಸಂಗತಿ ಬರೆಯಿರಿ: ಏನು ಬೇಕು, ಯಾರು ಕೊಡಬೇಕು, ಯಾವಾಗಿನೊಳಗೆ. ‘ಎಂಡೋಸಲ್ಫಾನ್ ಸಂತ್ರಸ್ತರಿಗೆ (ಆ ಕೀಟನಾಶಕದಿಂದ ತೊಂದರೆಗೊಳಗಾದವರಿಗೆ) ನ್ಯಾಯ ಸಿಗಲಿ’ ಎಂದರೆ ಎಲ್ಲರೂ ಒಪ್ಪುತ್ತಾರೆ, ಉತ್ತರ ಕೊಡಬೇಕಾದವರು ಯಾರೂ ಇರುವುದಿಲ್ಲ. ಅದೇ ವಿಷಯದಲ್ಲಿ ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿದ್ದನ್ನು ನೋಡಿ: ಪ್ರತಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ, ಕೊಡಬೇಕಾದ್ದು ಕೇರಳ ಸರಕಾರ, ಮೂರು ತಿಂಗಳೊಳಗೆ. ಮೊತ್ತ, ಹೊಣೆ, ಗಡುವು ಮೂರೂ ಅದರಲ್ಲಿದೆ. ನಿಮ್ಮ ಬೇಡಿಕೆಗೂ ಈ ಮೂರು ಬೇಕು.

ಈ ವಾಕ್ಯವನ್ನು ಹಾಗೆಯೇ ಹೆಣೆಯುವುದಕ್ಕೆ ಆಗುವುದಿಲ್ಲ. ಪೂರ್ತಿ ವಾಕ್ಯ ಮನವಿ ಪತ್ರಕ್ಕೆ, ಅದರ ತಿರುಳು ಮಾತ್ರ ನೂಲಿಗೆ. ‘ನಮ್ಮ ವಾರ್ಡಿಗೆ ಶಾಶ್ವತ ಕಾಲುಸೇತುವೆಯನ್ನು ನಿರ್ಮಿಸಿಕೊಡಿ’ ಎಂಬುದನ್ನು ಹೆಣೆಯಲು ಹೊರಟರೆ ಮುಂದಿನ ಮಳೆಗಾಲವೂ ಕಳೆದೀತು. ‘ಸಂಕ ಬೇಕು’ ಎಂದರೆ ನಾಲ್ಕೇ ಅಕ್ಷರ, ಒತ್ತಕ್ಷರವಿಲ್ಲ, ಊರಿನ ಮಾತೂ ಹೌದು. ಶಾಲೆಯ ವಿಷಯವಾದರೆ ‘ಕನ್ನಡ ಟೀಚರು ಬೇಕು’ ಎಂಬುದು ಎಂಟು ಅಕ್ಷರ, ಒಂದೇ ಒತ್ತು. ಎಂಟಕ್ಕಿಂತ ಹೆಚ್ಚು ಅಕ್ಷರ ಬೇಡ.

2. ಜಾಗ ಮತ್ತು ಒಪ್ಪಿಗೆ

ಬೇಡಿಕೆಗೆ ಸಂಬಂಧಪಟ್ಟ ಜನ ನಿತ್ಯ ನಿಲ್ಲುವ ಜಾಗ ಹುಡುಕಿ. ಹಾದುಹೋಗುವ ಜಾಗ ಸಾಲದು. ಹಳ್ಳಿಯ ಬಸ್ ತಂಗುದಾಣ ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದು. ಹತ್ತು ನಿಮಿಷ ಕಾಯುವವರು ಕನ್ನಡ, ಮಲಯಾಳ ಎರಡು ಭಾಷೆಯಲ್ಲೂ ಓದುತ್ತಾರೆ, ಪಕ್ಕದವರಲ್ಲಿ ಮಾತಾಡುತ್ತಾರೆ.

ಇವುಗಳನ್ನು ಮುಟ್ಟಲೇಬೇಡಿ: ವಿದ್ಯುತ್ ಕಂಬ ಮತ್ತು ಅದರ ಎಳೆತಂತಿ, ಟ್ರಾನ್ಸ್‌ಫಾರ್ಮರ್ ಬೇಲಿ, ರಸ್ತೆ ಸೂಚನಾ ಫಲಕ, ತಿರುವಿನ ಕನ್ನಡಿ, ರೈಲ್ವೆ ಗೇಟು, ಪಕ್ಷಗಳ ಧ್ವಜಕಂಬ. ಹೆದ್ದಾರಿಯ ಅಂಚೂ ಬೇಡ. ನಮ್ಮ ಉದಾಹರಣೆಯಲ್ಲಿ ಹಳೆಯ ಪಾಲಕ್ಕೇ ಹೆಣಿಗೆ ಸುತ್ತೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಚಿತ್ರ ಚೆಂದ ಬರಬಹುದು, ಆದರೆ ನೆನೆದ ಉಲ್ಲನ್ ಜಾರುತ್ತದೆ, ಮಕ್ಕಳು ಹಿಡಿಯುವ ಕೈಮರಕ್ಕೆ ಅದನ್ನು ಸುತ್ತುವುದು ಅಪಾಯ. ಅಲ್ಲಿ ಬೇಡವೇ ಬೇಡ.

ಒಪ್ಪಿಗೆ ಯಾರದ್ದು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ನಮ್ಮ ಕಡೆ ತಂಗುದಾಣಗಳನ್ನು ಪಂಚಾಯತೇ ಕಟ್ಟಿಸಿರಬೇಕೆಂದಿಲ್ಲ. ಕೆಲವು ಯುವಕ ಸಂಘದ್ದು, ಕೆಲವು ಶಾಸಕರ ನಿಧಿಯದ್ದು, ಕೆಲವು ಒಂದು ಮನೆಯವರು ತೀರಿಹೋದ ಹಿರಿಯರ ಹೆಸರಿನಲ್ಲಿ ಕಟ್ಟಿಸಿದ್ದು. ಗೋಡೆಯಲ್ಲಿರುವ ಕಲ್ಲಿನ ಫಲಕ ಓದಿ, ಕಟ್ಟಿಸಿದವರಲ್ಲಿ ಬಾಯಿಮಾತಿನ ಒಪ್ಪಿಗೆ ತೆಗೆದುಕೊಳ್ಳಿ, ಆಮೇಲೆ ಪಂಚಾಯತ್ ಕಾರ್ಯದರ್ಶಿಗೆ ಅರ್ಜಿ ಕೊಡಿ. ಲೋಕೋಪಯೋಗಿ ರಸ್ತೆಯ ಬದಿಯಾದರೆ ಆ ಇಲಾಖೆಗೂ ಒಂದು ಪ್ರತಿ. ಅರ್ಜಿಯಲ್ಲಿ ಕಟ್ಟುವ ದಿನ, ಬಿಚ್ಚುವ ದಿನ, ಅಳತೆ, ಮೊಳೆ ಮತ್ತು ಅಂಟು ಬಳಸುವುದಿಲ್ಲ ಎಂಬ ಮಾತು, ಇಷ್ಟು ಇರಲಿ. ಸ್ವೀಕೃತಿ ರಸೀದಿ ಇಲ್ಲದೆ ಹಿಂತಿರುಗಬೇಡಿ. ಆ ಫಲಕದ ಮೇಲೆ ಒಂದು ಎಳೆ ನೂಲೂ ಬೀಳಬಾರದು. ಒಂದು ಮನೆಯವರ ನೆನಪಿನ ಮೇಲೆ ಬೇಡಿಕೆ ಕಟ್ಟಿದರೆ ಊರೇ ವಿರುದ್ಧ ತಿರುಗುತ್ತದೆ.

ರಸ್ತೆಬದಿಯ ಅನಧಿಕೃತ ಫಲಕ, ಬ್ಯಾನರು, ಧ್ವಜಗಳ ವಿರುದ್ಧ ಕೇರಳ ಹೈಕೋರ್ಟು ಹಲವು ಬಾರಿ ಆದೇಶ ಕೊಟ್ಟಿದೆ. ನೂಲಿನದ್ದಾದರೂ ಬ್ಯಾನರು ಬ್ಯಾನರೇ. ಚುನಾವಣಾ ನೀತಿಸಂಹಿತೆ ಜಾರಿಯಲ್ಲಿರುವಾಗ ಕಟ್ಟಬೇಡಿ.

ಒಪ್ಪಿಗೆ ಸಿಗದಿದ್ದರೆ ಕೆಲಸ ನಿಲ್ಲಬೇಕಿಲ್ಲ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಲ್ಲಿ 2012ರಲ್ಲಿ ಹೊರಟ ‘ನಿಟಿಂಗ್ ನ್ಯಾನಾಸ್’ ಕೂಟದ ಅಜ್ಜಿಯರು ಅನಿಲ ಗಣಿಗಾರಿಕೆಯನ್ನು ವಿರೋಧಿಸಿ ರಾಜಕಾರಣಿಗಳ ಕಚೇರಿ ಎದುರು ಕುರ್ಚಿ ಹಾಕಿ ಕೂತು ಹೆಣೆದರು. ನೀವೂ ನಿಮ್ಮ ಬ್ಯಾನರನ್ನು ಮಡಿಲಲ್ಲಿ ಹರಡಿಕೊಂಡು, ಪೊಲೀಸ್ ಠಾಣೆಗೆ ಮೊದಲೇ ತಿಳಿಸಿ, ದಾರಿ ಬಿಟ್ಟು ಕೂತು ಹೆಣೆಯಬಹುದು.

3. ಕಾಲ ನೋಡಿ ಹೊರಡಿ

ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಹೆಣೆಯಿರಿ, ದೀಪಾವಳಿ ಕಳೆದ ಮೇಲೆ ಕಟ್ಟಿ. ಆಟಿಯಲ್ಲಿ ಹೊರಗಿನ ಕೆಲಸ ಕಡಿಮೆ, ಮನೆಯೊಳಗೆ ಕೈಗೆ ಬಿಡುವಿರುತ್ತದೆ; ಅಡಿಕೆ ಕೊಯ್ಲು, ಸುಲಿಯುವ ಕೆಲಸ ಶುರುವಾದರೆ ಯಾರನ್ನೂ ಸೇರಿಸಲಾಗದು. ಜೂನ್‌ನಿಂದ ಸೆಪ್ಟೆಂಬರ್ ಮಳೆಯಲ್ಲಿ ಹೊರಗೆ ಕಟ್ಟಿದ್ದು ಉಳಿಯುವುದಿಲ್ಲ. ತುಲಾ ಮಳೆಯ (ಅಕ್ಟೋಬರ್-ನವೆಂಬರಿನ ಹಿಂಗಾರು) ಸಂಜೆಯ ಗುಡುಗು ಸಿಡಿಲೂ ಮುಗಿಯಲಿ. ನವೆಂಬರ್ ಕೊನೆಯಿಂದ ಶಿವರಾತ್ರಿಯವರೆಗಿನ ಕಾಲ ಪ್ರಶಸ್ತ.

ಮಳೆಗಾಲದಲ್ಲಿ ಹೆಣೆದದ್ದನ್ನು ಹಾಗೆಯೇ ಪೆಟ್ಟಿಗೆಗೆ ಹಾಕಿದರೆ ಬೂಷ್ಟು ಖಂಡಿತ. ಬಿಸಿಲು ಬಂದ ದಿನ ಒಣಗಿಸಿ, ಒಣ ಬೇವಿನೆಲೆಯೊಟ್ಟಿಗೆ ಬಟ್ಟೆಯ ಚೀಲದಲ್ಲಿಡಿ.

4. ನೂಲು, ಕೊಕ್ಕೆ, ಬಣ್ಣ

ಬೇಕಾದವು: ಮಧ್ಯಮ ದಪ್ಪದ ಅಕ್ರಿಲಿಕ್ ಉಲ್ಲನ್ ಸುಮಾರು 500 ಗ್ರಾಂ, 4 ಮಿಲಿಮೀಟರ್ ಕ್ರೋಶೆ (ಒಂದೇ ಕೊಕ್ಕೆಯಲ್ಲಿ ಹೆಣೆಯುವ ಕ್ರಮ) ಕೊಕ್ಕೆ ಎಲ್ಲರಿಗೂ, ದೊಡ್ಡ ಕಣ್ಣಿನ ಮೊಂಡು ಸೂಜಿ, ಟೇಪು, ದರ್ಜಿಯ ಸೀಮೆಸುಣ್ಣ, ಕತ್ತರಿ, ಹತ್ತಿಯ ಹುರಿಹಗ್ಗ, ಕೆತ್ತಿ ನುಣುಪು ಮಾಡಿದ ಎರಡು ಅಡಿಕೆ ಸಲಾಕೆ.

ಹತ್ತಿ ನೂಲು ಮೈಗೆ ಹಿತ, ಬೀದಿಗೆ ಅಲ್ಲ. ನೀರು ಕುಡಿದು ಭಾರವಾಗಿ ಇಳಿಯುತ್ತದೆ, ಬೇಗ ಬೂಷ್ಟು ಹಿಡಿಯುತ್ತದೆ. ಅಕ್ರಿಲಿಕ್ ಬೇಗ ಒಣಗುತ್ತದೆ, ಬಣ್ಣ ಹೆಚ್ಚು ದಿನ ನಿಲ್ಲುತ್ತದೆ. ಆದರೆ ಅದು ಪ್ಲಾಸ್ಟಿಕ್ಕೇ, ಮಣ್ಣಿಗೆ ಸೇರುವುದಿಲ್ಲ. ಹಾಗಾಗಿ ಬಿಚ್ಚುವ ದಿನ ನಿಗದಿಯಾಗದೆ ಅಕ್ರಿಲಿಕ್ ಕೊಳ್ಳಬಾರದು. ತೆಂಗಿನ ನಾರಿನ ಹಗ್ಗ ಸುಲಭವಾಗಿ ಸಿಗುತ್ತದೆ ಎಂದು ಅದರಲ್ಲಿ ಕಟ್ಟಬೇಡಿ. ಒಂದು ಹನಿ ಮಂಜು ಬಿದ್ದರೂ ಕಂದು ಕಲೆ ಇಳಿದು ಬಿಳಿ ಹೆಣಿಗೆ ಹಾಳಾಗುತ್ತದೆ.

ಬಣ್ಣದ ವಿಷಯದಲ್ಲಿ ನನ್ನದು ಖಚಿತ ಅಭಿಪ್ರಾಯ. ಇಲ್ಲಿ ಕೆಂಪು, ಹಸಿರು, ಕೇಸರಿ ಯಾವುದನ್ನು ಹೆಚ್ಚು ಬಳಸಿದರೂ ಜನ ಮೊದಲು ಪಕ್ಷ ಓದುತ್ತಾರೆ, ಬೇಡಿಕೆ ಓದುವುದಿಲ್ಲ. ಅರಸಿನ-ಕೆಂಪು ನಮಗೆಲ್ಲ ಪ್ರೀತಿಯ ಜೋಡಿ, ಕನ್ನಡದ ಹಕ್ಕಿನ ವಿಷಯಕ್ಕೆ ಅದು ಸರಿಯೇ. ಆದರೆ ಸಂಕದ ಮೇಲೆ ನಡೆಯುವುದು ಮಲಯಾಳ, ತುಳು, ಬ್ಯಾರಿ, ಕೊಂಕಣಿ ಮಾತಾಡುವ ಮಕ್ಕಳು ಕೂಡ. ಅಲ್ಲಿ ಅರಸಿನ-ಕೆಂಪು ಹಾಕಿದರೆ ಅರ್ಧ ವಾರ್ಡು ಅದನ್ನು ಭಾಷೆಯ ಜಗಳ ಎಂದು ತಿಳಿದು ದೂರ ನಿಲ್ಲುತ್ತದೆ. ಬಿಳಿ ನೆಲ, ಕಡುನೀಲಿ ಅಕ್ಷರ, ಅಂಚಿಗೆ ಬೇಕಾದಷ್ಟು ಬಣ್ಣ: ದೂರದಿಂದ ಓದಲೂ ಇದೇ ಒಳ್ಳೆಯದು.

5. ಅಳತೆ ಮತ್ತು ಚೌಕಗಳು

ಕಂಬಕ್ಕೆ ಅಕ್ಷರ ಸುತ್ತಬೇಡಿ. ದುಂಡು ಕಂಬದ ಮೂರನೇ ಒಂದು ಭಾಗ ಮಾತ್ರ ಎದುರಿನವರಿಗೆ ನೆಟ್ಟಗೆ ಕಾಣುತ್ತದೆ, ಉಳಿದದ್ದು ಹಿಂದೆ ಹೋಗುತ್ತದೆ. ‘ಸಂಕ’ ಕಂಡವರಿಗೆ ‘ಬೇಕು’ ಕಾಣುವುದಿಲ್ಲ. ಅಕ್ಷರಕ್ಕೆ ಸಪಾಟು ಬ್ಯಾನರು, ಕಂಬಕ್ಕೆ ಬರಿಯ ಬಣ್ಣದ ಪಟ್ಟಿ.

ಬ್ಯಾನರಿನ ಅಳತೆ 120 × 60 ಸೆಂಟಿಮೀಟರ್ ಇರಲಿ. ಇದನ್ನು ಒಂದೇ ತುಂಡಾಗಿ ಹೆಣೆಯುವುದಕ್ಕಿಂತ 15 ಸೆಂಟಿಮೀಟರಿನ ಚೌಕಗಳಾಗಿ ಹಂಚಿಕೊಳ್ಳಿ: ಉದ್ದಕ್ಕೆ 8, ಎತ್ತರಕ್ಕೆ 4, ಒಟ್ಟು 32. ಡೆನ್ಮಾರ್ಕಿನ ಕಲಾವಿದೆ ಮರಿಯಾನೆ ಯೋರ್ಗೆನ್ಸೆನ್ 2006ರಲ್ಲಿ ಇರಾಕ್ ಯುದ್ಧವನ್ನು ವಿರೋಧಿಸಿ ಕೋಪನ್‌ಹೇಗನ್ನಿನಲ್ಲಿ ಒಂದು ಯುದ್ಧಟ್ಯಾಂಕಿಗೆ ಗುಲಾಬಿ ಹೊದಿಕೆ ಹೊದಿಸಿದ್ದು ಹೀಗೆಯೇ, ಹಲವು ದೇಶಗಳವರು ಹೆಣೆದ 4,000ಕ್ಕೂ ಹೆಚ್ಚು ಚೌಕಗಳನ್ನು ಜೋಡಿಸಿ. ಅವೂ 15 ಸೆಂಟಿಮೀಟರಿನವೇ. ಚೌಕವಾದರೆ ಹೊಸಬರೂ ಒಂದು ಹೆಣೆದು ಕೊಡಬಹುದು, ಒಂದು ಕೆಟ್ಟರೆ ಒಂದನ್ನೇ ಬದಲಿಸಬಹುದು.

ಎಲ್ಲರೂ ಮೊದಲು ಒಂದು ಮಾದರಿ ಹೆಣೆದು ಟೇಪಿನಲ್ಲಿ ಅಳೆಯಿರಿ. ಮಧ್ಯಮ ನೂಲಿನಲ್ಲಿ ಸಿಂಗಲ್ ಕ್ರೋಶೆ (ಗಿಡ್ಡ ಹೊಲಿಗೆ) ಹಾಕಿದರೆ 10 ಸೆಂಟಿಮೀಟರಿಗೆ ಸುಮಾರು 16 ಹೊಲಿಗೆ, 18 ಸಾಲು ಬರುತ್ತದೆ. ಆ ಲೆಕ್ಕದಲ್ಲಿ 15 ಸೆಂಟಿಮೀಟರಿನ ಚೌಕಕ್ಕೆ 24 ಹೊಲಿಗೆ, 27 ಸಾಲು. 24 ಹೊಲಿಗೆಗೆ 24 ಸಾಲೇ ಹಾಕಿದರೆ ಚೌಕ ಆಗುವುದಿಲ್ಲ, ಗಿಡ್ಡಾಗುತ್ತದೆ. ಕೈ ಬಿಗಿ ಇದ್ದವರು 4.5ರ ಕೊಕ್ಕೆ ಹಿಡಿಯಲಿ, ಸಡಿಲ ಇದ್ದವರು 3.5ರದ್ದು.

ಕೂಟಗಳು ಪದೇ ಪದೇ ಬೀಳುವ ಹೊಂಡ ಇನ್ನೊಂದಿದೆ. ಅಮೆರಿಕದ ಪದ್ಧತಿಯ ಸಿಂಗಲ್ ಕ್ರೋಶೆಯನ್ನೇ ಬ್ರಿಟಿಷ್ ಪದ್ಧತಿಯಲ್ಲಿ ಡಬಲ್ ಕ್ರೋಶೆ ಎನ್ನುತ್ತಾರೆ. ಹಳೆಯ ಪುಸ್ತಕ ನೋಡಿ ಕಲಿತ ಅಮ್ಮ, ಯೂಟ್ಯೂಬ್ ನೋಡಿ ಕಲಿತ ಮಗಳು ಒಂದೇ ಹೆಸರು ಹೇಳಿ ಬೇರೆ ಬೇರೆ ಹೊಲಿಗೆ ಹಾಕುತ್ತಾರೆ. ಹೆಸರು ಬಿಡಿ, ಒಬ್ಬರು ಎಲ್ಲರೆದುರು ಕೂತು ಹೊಲಿಗೆ ಹಾಕಿ ತೋರಿಸಲಿ. ಇಲ್ಲಿ ನಾನು ಬರೆದಿರುವುದು ಅಮೆರಿಕದ ಪದ್ಧತಿಯ ಹೆಸರು.

ಚೌಕಗಳನ್ನು ಹೊಲಿದು ಜೋಡಿಸುವ ನೂಲು ನೆಲದ ಬಣ್ಣಕ್ಕಿಂತ ತುಸು ಬೇರೆ ಇರಲಿ. ಬಿಚ್ಚುವ ದಿನ ಕತ್ತರಿಸಬೇಕಾದ ಎಳೆ ಯಾವುದೆಂದು ಆಗ ಕಣ್ಣಿಗೆ ಕಾಣುತ್ತದೆ. ನೂಲಿನ ತುದಿಗಳನ್ನು ಕನಿಷ್ಠ 8 ಸೆಂಟಿಮೀಟರ್ ಒಳಗೆ ನೇಯ್ದು ಮುಚ್ಚಿ. ಜೋತ ಎಳೆ ಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಅದು ಬಿಡಿಸಿಕೊಳ್ಳಲಾರದು.

6. ಅಕ್ಷರ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದ್ದು ಇಲ್ಲಿ. ಇಂಗ್ಲಿಷ್ ಅಕ್ಷರ ನೆಟ್ಟಗಿನ ಗೆರೆಯದ್ದು, ಗ್ರಾಫ್ ಕಾಗದದಲ್ಲಿ ಚೌಕ ತುಂಬಿದರೆ ಓದಲು ಬರುತ್ತದೆ. ಕನ್ನಡವನ್ನು ಹಾಗೆ ಮಾಡಿದರೆ ಸೋಲುತ್ತೀರಿ. ದುಂಡು ಬಾಗುಗಳೆಲ್ಲ ಮೆಟ್ಟಿಲಾಗುತ್ತವೆ, ತಲೆಕಟ್ಟು ಅಕ್ಷರಕ್ಕೆ ಅಂಟಿಕೊಳ್ಳುತ್ತದೆ, ‘ಪ’ ನೋಡಿದರೆ ‘ವ’ ಎನಿಸುತ್ತದೆ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸೀಳು ಮಾತ್ರ, ಅದು ಚೌಕದೊಳಗೆ ಮಾಯ.

ಹಾಗಾಗಿ ಅಕ್ಷರವನ್ನು ನೆಲದೊಳಗೆ ಹೆಣೆಯಬೇಡಿ, ಪಟ್ಟಿ ಹೆಣೆದು ಮೇಲೆ ಹೊಲಿಯಿರಿ. ಉದ್ದ ಚೈನ್ (ಸರಪಳಿ ಹೊಲಿಗೆ) ಹಾಕಿ, ಅದರ ಮೇಲೆ ಒಂದೇ ಸಾಲು ಡಬಲ್ ಕ್ರೋಶೆ (ಎತ್ತರದ ಹೊಲಿಗೆ). ಒಂದೂವರೆಯಿಂದ ಎರಡು ಸೆಂಟಿಮೀಟರ್ ಅಗಲದ ಪಟ್ಟಿ ಸಿಗುತ್ತದೆ. ಇದಕ್ಕೊಂದು ಗುಣವಿದೆ: ಚೈನಿನ ಅಂಚು ಬಿಗಿ, ಹೊಲಿಗೆಯ ಅಂಚು ಸಡಿಲ. ಚೈನ್ ಒಳಬದಿಗೆ ಬರುವಂತೆ ಹಿಡಿದರೆ ಪಟ್ಟಿ ತಾನಾಗಿ ಬಾಗುತ್ತದೆ, ಚಕ್ಕುಲಿ ಒತ್ತಿದ ಹಾಗೆ ಸುತ್ತಿಕೊಂಡು ಹೋಗಬಹುದು. 20 ಸೆಂಟಿಮೀಟರ್ ಎತ್ತರದ ಒಂದು ಅಕ್ಷರಕ್ಕೆ ಒಂದು ಮೀಟರ್ ಪಟ್ಟಿ ಹಿಡಿಯಿರಿ.

ಅನುಕ್ರಮ ಹೀಗಿರಲಿ. ಚೌಕ ಜೋಡಿಸಿದ ಬ್ಯಾನರನ್ನು ನೆಲದಲ್ಲಿ ಹರಡಿ. ಮೇಲಿನ ಅರ್ಧ ಕನ್ನಡಕ್ಕೆ, ಕೆಳಗಿನ ಅರ್ಧ ಮಲಯಾಳಕ್ಕೆ, ಎರಡೂ ಒಂದೇ ಎತ್ತರ. ಸೀಮೆಸುಣ್ಣದಲ್ಲಿ ಅಕ್ಷರ ಬರೆಯಿರಿ. ಬೋರ್ಡ್ ಬರೆದು ಅಭ್ಯಾಸವಿರುವ ಶಾಲಾ ಟೀಚರು ಕೂಟದಲ್ಲಿದ್ದರೆ ಅವರ ಕೈಯಿಂದಲೇ ಬರೆಸಿ. ಗೆರೆಯ ಮೇಲೆ ಪಟ್ಟಿ ಇಟ್ಟು ಗುಂಡುಸೂಜಿ ಚುಚ್ಚಿ. ಈಗ ಹೊಲಿಯಬೇಡಿ, ಎದ್ದು ದೂರ ಹೋಗಿ ನೋಡಿ. ಅಕ್ಷರದೊಳಗಿನ ಬಿಳಿ ಜಾಗ ಪಟ್ಟಿಯಷ್ಟಾದರೂ ಅಗಲ ಇರಬೇಕು. ಅದು ಮುಚ್ಚಿಹೋದರೆ ಅಕ್ಷರ ನೀಲಿ ಮುದ್ದೆ.

‘ಸಂಕ ಬೇಕು’ ಬರೆಯುವಾಗ ಎರಡು ಕಡೆ ಎಚ್ಚರ ಬೇಕು. ‘ಬೇ’ಯ ದೀರ್ಘ ಪಕ್ಕದ ‘ಕು’ವಿಗೆ ತಗಲಿದರೆ ಎರಡೂ ಓದಲಾಗದು, ದೀರ್ಘಕ್ಕೆ ಬೇರೆ ತುಂಡು ಪಟ್ಟಿ, ಆಚೆ ಈಚೆ ಎರಡು ಬೆರಳು ಜಾಗ. ಅನುಸ್ವಾರದ ಸೊನ್ನೆಯನ್ನು ಪಟ್ಟಿ ಸುತ್ತಿ ಮಾಡುವ ಬದಲು ಉಂಗುರವಾಗಿ ಬೇರೆ ಹೆಣೆದು ಹೊಲಿಯಿರಿ, ನಡುವಿನ ತೂತು ಉಳಿಯುತ್ತದೆ.

ಮಲಯಾಳದ ‘ಪಾಲಂ ವೇಣಂ’ (ಸಂಕ ಬೇಕು) ಸಾಲನ್ನು ಮಲಯಾಳ ಬರೆದು ಬಲ್ಲವರೇ ಗೆರೆ ಎಳೆಯಲಿ. ಆ ಲಿಪಿಯಲ್ಲಿ ಏಕಾರದ ಗುರುತು ವ್ಯಂಜನದ ಎಡಕ್ಕೆ ಬರುತ್ತದೆ. ಕನ್ನಡದ ಕೈ ಅಭ್ಯಾಸಬಲದಿಂದ ಅದನ್ನು ಬಲಕ್ಕೆ ಹೊಲಿದುಬಿಡುತ್ತದೆ, ಬ್ಯಾನರು ಕಟ್ಟಿದ ಮೇಲೆ ಮಲಯಾಳಿ ನೆರೆಯವರು ಹೇಳಿದಾಗಲೇ ಗೊತ್ತಾಗುವುದು. ಅನುಸ್ವಾರದ ಸೊನ್ನೆಯೂ ಅವರಲ್ಲಿ ಚಿಕ್ಕದು.

ಹೊಲಿಯುವ ಮೊದಲಿನ ಪರೀಕ್ಷೆ: ಹನ್ನೆರಡು ಮೀಟರ್ ದೂರದಲ್ಲಿ, ವಿಷಯ ಗೊತ್ತಿಲ್ಲದ ಒಂದು ಮಗುವನ್ನು ನಿಲ್ಲಿಸಿ ಓದಿಸಿ. ತಡವರಿಸಿದ ಅಕ್ಷರವನ್ನು ಕಿತ್ತು ಮತ್ತೆ ಇಡಿ. ಹೊಲಿಯುವಾಗ ಪಟ್ಟಿಯ ಎರಡೂ ಅಂಚು ಹೊಲಿಯಿರಿ. ಒಂದೇ ಅಂಚು ಹೊಲಿದರೆ ಗಾಳಿಗೆ ಇನ್ನೊಂದು ಏಳುತ್ತದೆ.

7. ಕಟ್ಟುವ ದಿನ

ಬೆಳಗ್ಗೆ ಶಾಲೆಯ ಬಸ್ಸುಗಳು ಹೋದ ಮೇಲೆ ಹೊರಡಿ. ನಾಲ್ಕು ಜನ ಸಾಕು, ಏಣಿ ಬೇಕಾಗಬಾರದು. ಕೈಗೆ ಎಟುಕದ ಎತ್ತರದಲ್ಲಿ ಕಟ್ಟಿದ್ದನ್ನು ಸರಿಪಡಿಸಲು ಆಮೇಲೆ ಯಾರೂ ಹೋಗುವುದಿಲ್ಲ.

ಬ್ಯಾನರಿನ ಮೇಲಂಚು, ಕೆಳಗಂಚಿನಲ್ಲಿ ಹೊಲಿದ ಕೊಳವೆಯೊಳಗೆ ಅಡಿಕೆ ಸಲಾಕೆ ತೂರಿಸಿ, ನಾಲ್ಕು ಮೂಲೆ ಮತ್ತು ಮೇಲಿನ ನಡುವಿಗೆ ಹುರಿಹಗ್ಗ ಕಟ್ಟಿ. ಮೇಲೆ ಎರಡೇ ಕಟ್ಟು ಹಾಕಿದರೆ ನೆನೆದಾಗ ನಡು ಜೋಲುತ್ತದೆ. ಕೆಳಗಂಚು ನೆಲದಿಂದ 1.2 ಮೀಟರಿಗಿಂತ ಮೇಲಿರಲಿ, ಇಲ್ಲದಿದ್ದರೆ ಆಡು ಜಗಿಯುತ್ತದೆ. ನೂಲು ಹೊಟ್ಟೆಗೆ ಹೋದರೆ ಅದರ ಜೀವಕ್ಕೆ ಅಪಾಯ. ಬಸ್ಸು ಬರುವ ಬದಿಯ ತೆರವನ್ನು ಮುಚ್ಚಬೇಡಿ. ಕಾಯುವವರಿಗೆ ಬಸ್ಸು ಕಾಣಬೇಕು, ಚಾಲಕನಿಗೆ ಕಾಯುವವರು ಕಾಣಬೇಕು.

ಮರಕ್ಕೆ ಸುತ್ತುವುದಾದರೆ ಮೊದಲು ಚಿಗಳಿ ಇರುವೆಯ ಗೂಡು ನೋಡಿ. ಮೊಳೆ ಬೇಡ, ಪ್ಲಾಸ್ಟಿಕ್ ಟೈ ಬೇಡ, ಎರಡು ಬೆರಳು ಹೋಗುವಷ್ಟು ಸಡಿಲ ಬಿಡಿ.

ಕೊನೆಯಲ್ಲಿ ಲ್ಯಾಮಿನೇಟ್ ಮಾಡಿದ ಚಿಕ್ಕ ಕಾರ್ಡು: ಬೇಡಿಕೆಯ ಪೂರ್ತಿ ವಾಕ್ಯ, ಕೂಟದ ಹೆಸರು, ಅನುಮತಿಯ ದಿನಾಂಕ, ಬಿಚ್ಚುವ ದಿನಾಂಕ.

8. ಮನವಿ ಅದೇ ದಿನ

ಕಟ್ಟಿದ ದಿನವೇ ಮನವಿ ಕಚೇರಿಗೆ ತಲುಪಬೇಕು. ವಾರ ಬಿಟ್ಟು ಹೋದರೆ ಬ್ಯಾನರು ಊರಿನ ಅಲಂಕಾರವಾಗಿಬಿಟ್ಟಿರುತ್ತದೆ. ಮನವಿಯನ್ನು ಕನ್ನಡದಲ್ಲೇ ಬರೆಯಲು ಹಿಂಜರಿಯಬೇಡಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಕೆಲಸ ಬೇಗ ಸಾಗಲೆಂದು ಮಲಯಾಳ ಅನುವಾದ ಜೊತೆಗಿಡುವುದು ಜಾಣತನ, ಆದರೆ ಸಹಿ ಹಾಕುವುದು ಕನ್ನಡದ ಪ್ರತಿಗೆ. ಹೆಣೆದ ಎಲ್ಲರ ಸಹಿ ಇರಲಿ, ಒಂದೇ ಚೌಕ ಹೆಣೆದ ಹುಡುಗಿಯದ್ದೂ ಸೇರಿ.

ಫೋಟೋ ಬೆಳಗಿನ ಓರೆ ಬಿಸಿಲಲ್ಲಿ ತೆಗೆಯಿರಿ, ಹೆಣಿಗೆಯ ಎಳೆ ಎದ್ದು ಕಾಣುತ್ತದೆ. ಒಂದು ಎದುರಿನಿಂದ, ಒಂದು ಜನ ಕೂತಿರುವಾಗ, ಒಂದು ತೋಡಿನ ಪಾಲದ್ದು. ಪತ್ರಿಕೆಗೆ ಕೊಡುವಾಗ ಮೂರನ್ನೂ ಕೊಡಿ, ಇಲ್ಲವಾದರೆ ಸುದ್ದಿ ‘ಮಹಿಳೆಯರ ಕರಕುಶಲ’ ಎಂಬ ಶೀರ್ಷಿಕೆಯಲ್ಲಿ ಮುಗಿಯುತ್ತದೆ.

9. ಉಸ್ತುವಾರಿ: ಯಾವ ಸೂಚನೆ ಕಂಡರೆ ಏನು

ದಿನ ಬಿಟ್ಟು ದಿನ ಒಬ್ಬರು ಹೋಗಿ ನೋಡಬೇಕು, ಸರದಿ ಮೊದಲೇ ಹಾಕಿಡಿ. ಮಳೆ ಬಿದ್ದು ಇಡೀ ದಿನ ಕಳೆದರೂ ಕೆಳಗಂಚಿನಿಂದ ನೀರು ತೊಟ್ಟಿಕ್ಕುತ್ತಿದ್ದರೆ ಬಿಚ್ಚಿ ಮನೆಗೆ ತಂದು ಒಣಗಿಸಿ. ಅಂಚಿನಲ್ಲಿ ಹಸಿರು ಅಥವಾ ಕಪ್ಪು ಚುಕ್ಕೆ, ಮೂಗು ಹತ್ತಿರ ತಂದಾಗ ಹಳಸಲು ವಾಸನೆ ಬಂದರೆ ಬೂಷ್ಟು ಶುರುವಾಗಿದೆ. ಕಂಬದ ಪಟ್ಟಿಯೊಳಗೆ ಇರುವೆ ಮಣ್ಣು ತುಂಬಿದ್ದರೆ, ಬ್ಯಾನರಿನ ಸಂದಿಯಲ್ಲಿ ಯಾರೋ ಜಾಹೀರಾತು ಚೀಟಿ ಸಿಕ್ಕಿಸಿದ್ದರೆ ತಕ್ಷಣ ತೆಗೆಯಿರಿ. ಒಂದು ಚೀಟಿ ಉಳಿದರೆ ಹತ್ತು ಬರುತ್ತದೆ. ಯಾರಾದರೂ ಕತ್ತರಿಸಿದರೆ ಜಗಳಕ್ಕೆ ಹೋಗದೆ ಫೋಟೋ ತೆಗೆದು, ಆ ಚೌಕ ಬದಲಿಸಿ.

10. ಬಿಚ್ಚುವುದು

ಮೂರು ವಾರ, ಹೆಚ್ಚೆಂದರೆ ನಾಲ್ಕು. ಬೇಡಿಕೆ ಈಡೇರದಿದ್ದರೂ ಹೇಳಿದ ದಿನ ಬಿಚ್ಚಿ. ಮಾತು ಉಳಿಸಿಕೊಂಡವರಿಗೆ ಎರಡನೇ ಸಲ ಒಪ್ಪಿಗೆ ಕೊಡಲು ಪಂಚಾಯತಿಗೂ ಸುಲಭ. ಬಣ್ಣ ಮಾಸಿ ಜೋಲುವ ಬ್ಯಾನರು ‘ಇವರೂ ಕೈಬಿಟ್ಟರು’ ಎಂದು ಹೇಳುತ್ತದೆ, ಅದನ್ನು ಕಚೇರಿಯವರು ಚೆನ್ನಾಗಿ ಓದುತ್ತಾರೆ.

ಹಗ್ಗ ಬಿಚ್ಚಿ ಬ್ಯಾನರನ್ನು ಇಳಿಸಿ, ಕತ್ತರಿಸಬೇಕಾಗಿ ಬಂದರೆ ಜೋಡಣೆಯ ಬೇರೆ ಬಣ್ಣದ ಎಳೆಯನ್ನು ಮಾತ್ರ ಕತ್ತರಿಸಿ, ಬಿದ್ದ ತುಂಡುಗಳನ್ನು ಹೆಕ್ಕಿ, ಹಗ್ಗದ ಗುರುತು ಉಳಿದರೆ ಒರೆಸಿ, ಖಾಲಿ ತಂಗುದಾಣದ ಫೋಟೋ ತೆಗೆದು ಅನುಮತಿ ಕೊಟ್ಟವರಿಗೆ ಕಳಿಸಿ.

ಆಮೇಲೆ ಸೋಪುನೀರಲ್ಲಿ ನೆನೆಸಿ ತೊಳೆದು, ಹಿಂಡದೆ ಚಾಪೆಯ ಮೇಲೆ ಹರಡಿ ಒಣಗಿಸಿ. ಬ್ರಿಟನ್ನಿನಲ್ಲಿ 2014ರ ಆಗಸ್ಟ್ 9ರಂದು, ನಾಗಸಾಕಿಯ ದಿನ, ಅಣ್ವಸ್ತ್ರ ವಿರೋಧಿಗಳು ಆಲ್ಡರ್‌ಮಾಸ್ಟನ್‌ನಿಂದ ಬರ್ಗ್‌ಫೀಲ್ಡ್‌ವರೆಗೆ ಏಳು ಮೈಲು ಉದ್ದದ ಗುಲಾಬಿ ಹೆಣಿಗೆ ಹಾಸಿದ್ದರು. ಆಮೇಲೆ ಅದನ್ನು ಕಂಬಳಿಗಳನ್ನಾಗಿ ಮಾಡಿದರು. ನಮ್ಮ 32 ಚೌಕದಲ್ಲಿ ಹಾಸಿಗೆ ಹಿಡಿದ ಒಬ್ಬರ ಕಾಲಿಗೆ ಹೊದಿಕೆ ಆಗುತ್ತದೆ. ಸಂಕ ಇನ್ನೂ ಬಂದಿಲ್ಲವೆಂದರೆ ಹೊದಿಕೆ ಮಾಡಬೇಡಿ: ಬ್ಯಾನರನ್ನು ಅಕ್ಷರ ಹೊರಬದಿಗೆ ಬರುವಂತೆ ಸಲಾಕೆಗೆ ಸುತ್ತಿ, ಬೇವಿನೆಲೆ ಹಾಕಿ, ಮನವಿಯ ಸ್ವೀಕೃತಿ ರಸೀದಿಯನ್ನು ಅದೇ ಚೀಲದಲ್ಲಿಡಿ. ಮುಂದಿನ ಅರ್ಜಿಯಲ್ಲಿ ಬರೆಯಬೇಕಾದ ಹಳೆಯ ದಿನಾಂಕ ಅದರಲ್ಲೇ ಇರುತ್ತದೆ.